ತಿಮಿಂಗಿಲದ ಹಾಡನ್ನು ಹದಿನಾರು ಪಟ್ಟು ಓಡಿಸಿದರೆ ಮಡಿವಾಳ ಹಕ್ಕಿ ಕೇಳಿಸುತ್ತದೆ. ಇದು ನಿಜವಾದ ಹೋಲಿಕೆಯೇ, ಕಿವಿಯ ಮೋಸವೇ?

ಪ್ರಶ್ನೆ: ಮೈಕ್‌ಸೆಟ್ ಮಾಲೀಕ, ಹಳೇ ಹುಬ್ಬಳ್ಳಿ

ಮಗಳು ಒಂಬತ್ತನೆಯ ತರಗತಿ. ವಿಜ್ಞಾನದ ಪ್ರಾಜೆಕ್ಟಿಗೆ ಒಂದು ಕಡಲ ಜೀವಿ ಮತ್ತು ಒಂದು ನೆಲದ ಜೀವಿಯನ್ನು ಹೋಲಿಸಿ ಬರೆಯಬೇಕಂತೆ. ಉಳಿದ ಮಕ್ಕಳು ಡಾಲ್ಫಿನ್ ಮತ್ತು ಹಸು ಎಂದು ಬರೆದುಕೊಟ್ಟು ನಿಶ್ಚಿಂತರಾಗಿದ್ದಾರೆ. ನಮ್ಮವಳು ಗೂನುಬೆನ್ನಿನ ತಿಮಿಂಗಿಲ ಮತ್ತು ಮಡಿವಾಳ ಹಕ್ಕಿ ಎಂದು ಬರೆದುಕೊಟ್ಟಿದ್ದಾಳೆ. ಕುಮ್ಮಕ್ಕು ಕೊಟ್ಟವನು ನಾನೇ, ಆದ್ದರಿಂದ ನಾಲ್ಕು ಜನರನ್ನು ಕೇಳುವ ಹೊಣೆಯೂ ನನ್ನದೇ.

ನನ್ನದು ಮೈಕ್‌ಸೆಟ್ ಬಾಡಿಗೆಯ ಅಂಗಡಿ. ಜಾತ್ರೆ, ಮದುವೆ, ಗಣಪತಿ ಇಲ್ಲದ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ಸಿಕ್ಕ ಸದ್ದನ್ನೆಲ್ಲ ಹಿಡಿದಿಡುತ್ತೇನೆ. ನೃಪತುಂಗ ಬೆಟ್ಟದ ಬದಿಯಲ್ಲಿ ಒಂದು ಗಂಡು ಮಡಿವಾಳ ಇದೆ. ಬೇಸಿಗೆ ಶುರುವಾದರೆ ಸಾಕು, ಹಾಲಿನ ಗಾಡಿ ಬರುವ ಮೊದಲೇ ಕಂಬದ ತುದಿಯಲ್ಲಿ ಕುಳಿತು ಬಾಲ ಎತ್ತಿ ಇಳಿಸಿ ಹಾಡುತ್ತದೆ. ಅದನ್ನು ಧ್ವನಿಮುದ್ರಿಸಿಕೊಂಡಿದ್ದೆ. ಅಂತರ್ಜಾಲದಲ್ಲಿ ಗೂನುಬೆನ್ನಿನ ತಿಮಿಂಗಿಲದ ಒಂದು ಉದ್ದನೆಯ ಹಾಡು ಸಿಕ್ಕಿತು, ನೀರೊಳಗಿನ ಮೈಕಿನಲ್ಲಿ ಹಿಡಿದದ್ದು. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಕಿ, ಕೈ ಸುಮ್ಮನಿರದೆ, ವೇಗವನ್ನು ಹದಿನಾರು ಪಟ್ಟು ಏರಿಸಿದೆ. ಹದಿನೈದು ನಿಮಿಷದ ನರಳಾಟ ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ ಚಿಲಿಪಿಲಿಯಾಯಿತು. ಅಡುಗೆಮನೆಯಿಂದ ಹೆಂಡತಿ, "ಕಿಟಕಿಯ ಹತ್ತಿರ ಯಾವ ಹಕ್ಕಿ ಬಂದಿದೆ ನೋಡಿ" ಎಂದಳು.

ಈಗ ನನ್ನ ಅನುಮಾನಗಳು. ದೊಡ್ಡದರಿಂದ ತಗ್ಗು ಸ್ವರ, ಸಣ್ಣದರಿಂದ ಏರು ಸ್ವರ ಎಂಬುದನ್ನು ನಾನು ದಿನವೂ ಹೊತ್ತು ಇಳಿಸುತ್ತೇನೆ. ಹದಿನೆಂಟು ಇಂಚಿನ ಊಫರ್ ಇಲ್ಲದೆ 50 ಹರ್ಟ್ಸ್ ಎದೆಗೆ ಗುದ್ದುವುದಿಲ್ಲ, ಟ್ವೀಟರಿಗೆ ಒಂದು ಇಂಚು ಸಾಕು. ಹಾಗಾದರೆ ತಿಮಿಂಗಿಲ ಎಂದರೆ ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿದ ಮಡಿವಾಳವೇ? ವೇಗ ಸರಿಪಡಿಸಿದರೆ ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆಯೇ?

ಇನ್ನೊಂದು: ತಿಮಿಂಗಿಲದ ಹಾಡು 180 ಡೆಸಿಬೆಲ್, ವಿಮಾನದ ಎಂಜಿನ್ನಿಗಿಂತ ಜೋರು ಎಂದು ಮೊಬೈಲಿನಲ್ಲಿ ಎಲ್ಲರೂ ಕಳಿಸುತ್ತಾರೆ. ಮೂವತ್ತು ವರ್ಷ ಹಾರ್ನ್ ಕಟ್ಟಿದ ನನಗೆ ಈ ಲೆಕ್ಕ ಗಂಟಲಲ್ಲಿ ಇಳಿಯುತ್ತಿಲ್ಲ. ಗೂಗಲ್ ಮಾಡಿ ಎನ್ನುವವರು ದಯವಿಟ್ಟು ಮುಂದಿನ ಪ್ರಶ್ನೆಗೆ ಹೋಗಬಹುದು.

ಉತ್ತರ: ಉಣಕಲ್ ದಂಡೆ

ಮಡಿವಾಳ ಎಷ್ಟು ಮಕ್ಕಳಿಗೆ ಗೊತ್ತು? ಕೋಗಿಲೆ ತೆಗೆದುಕೊಳ್ಳಿ. ಮಾವಿನ ಮರದ ಚಿತ್ರ ಬಿಡಿಸಬಹುದು, ಪಠ್ಯದಲ್ಲಿ ಪದ್ಯವೂ ಸಿಗುತ್ತದೆ, ಅಂಕ ಬರುತ್ತವೆ. ತಿಮಿಂಗಿಲಕ್ಕೆ ನೀಲಿ ಬಣ್ಣ ಸಾಕು.

ಉತ್ತರ: ನಿವೃತ್ತ ಪ್ರಾಣಿಶಾಸ್ತ್ರ, ರಾಣೆಬೆನ್ನೂರು

ಕೋಗಿಲೆ ಬೇಡವೇ ಬೇಡ, ಅದನ್ನು ಮೊದಲು ಹೇಳಿಬಿಡುತ್ತೇನೆ. ಕವಿಗಳಿಗೆ ಅದು ಗಾಯಕ, ನಮ್ಮ ವರ್ಗೀಕರಣದಲ್ಲಿ ಅದು ಹಾಡುಹಕ್ಕಿಗಳ ಗುಂಪಿಗೇ ಸೇರಿಲ್ಲ. ಕಾಗೆಯ ಗೂಡಿನಲ್ಲಿ ಹುಟ್ಟಿ, ಕಾಗೆಯ ಕೈತುತ್ತು ತಿಂದು, ದಿನವೆಲ್ಲ ಕಾಕಾ ಕೇಳಿ ಬೆಳೆದ ಗಂಡು ಮರಿ ಮರುವರ್ಷ "ಕುಹೂ" ಎನ್ನುತ್ತದೆ. ಅಂದರೆ ಆ ಕೂಗು ಹುಟ್ಟಿನಿಂದಲೇ ಬಂದದ್ದು, ಕೇಳಿ ಕಲಿತದ್ದಲ್ಲ. ನಿಮ್ಮ ಮಗಳ ಹೋಲಿಕೆಗೆ ಜೀವ ಬರುವುದೇ ಕಲಿಕೆಯಿಂದ. ಆಕೆ ಆರಿಸಿದ ಜೋಡಿ ನಿಮಗೆ ತೋಚಿದ್ದಕ್ಕಿಂತ ಚೆನ್ನಾಗಿದೆ.

ಊಫರ್ ವಿಚಾರ. ನಿಮ್ಮ ನಿಯಮ ಒರಟಾಗಿ ಸರಿ. ಆದರೆ ಅಂಕಿ ಇಟ್ಟು ನೋಡಿ. ಮಡಿವಾಳದ ತೂಕ 30ರಿಂದ 40 ಗ್ರಾಂ. ಬೆಳೆದ ಗೂನುಬೆನ್ನಿನ ತಿಮಿಂಗಿಲ ಸುಮಾರು 30 ಟನ್. ಏಳೂವರೆ ಲಕ್ಷ ಮಡಿವಾಳಗಳನ್ನು ತಕ್ಕಡಿಗೆ ಹಾಕಿದರೆ ಒಂದು ತಿಮಿಂಗಿಲ ತೂಗುತ್ತದೆ. ಸ್ವರ ಮಾತ್ರ ನಿಮ್ಮ ಲೆಕ್ಕದಲ್ಲೇ ಹದಿನಾರು ಪಟ್ಟು ತಗ್ಗಿದೆ, ಅಷ್ಟೇ. ಅದೂ ಎಲ್ಲ ಕಡೆ ಅಲ್ಲ. ಈ ತಿಮಿಂಗಿಲ ನೂರು ಹರ್ಟ್ಸಿಗಿಂತ ಕೆಳಗೆ ಗೊಣಗುತ್ತದೆ, ಅದೇ ಹಾಡಿನಲ್ಲಿ ಕೆಲವು ಸಾವಿರ ಹರ್ಟ್ಸಿಗೆ ಏರಿ ಕೀರಲು ಸ್ವರ ತೆಗೆಯುತ್ತದೆ. ಅಲ್ಲಿ ವೇಗ ಏರಿಸದೆಯೇ ಹಕ್ಕಿಯ ಮನೆಗೆ ಬಂದಿರುತ್ತದೆ. ಬರೀ ಊಫರ್ ಎಂದು ತಳ್ಳಿಹಾಕಬೇಡಿ.

ಸದ್ದು ಹುಟ್ಟುವ ಜಾಗವೂ ಬೇರೆ. ಹಕ್ಕಿಗೆ ಶ್ವಾಸನಾಳ ಎರಡಾಗಿ ಒಡೆಯುವ ಕವಲಿನಲ್ಲಿ, ಎದೆಯ ಆಳದಲ್ಲಿ, ಸಿರಿಂಕ್ಸ್ ಎಂಬ ಅಂಗವಿದೆ. ಹಾಡುಹಕ್ಕಿಗಳು ಅದರ ಎಡ ಬಲ ಬದಿಗಳನ್ನು ಬೇರೆ ಬೇರೆಯಾಗಿ ನುಡಿಸಬಲ್ಲವು, ಬೇಕೆಂದರೆ ಏಕಕಾಲಕ್ಕೆ ಎರಡು ಸ್ವರ. ತಿಮಿಂಗಿಲ ನಮ್ಮ ಹಾಗೆ ಸಸ್ತನಿ, ಗಂಟಲಿನ ಲ್ಯಾರಿಂಕ್ಸಿನಿಂದ, ಅಂದರೆ ಧ್ವನಿಪೆಟ್ಟಿಗೆಯಿಂದ, ಹಾಡುತ್ತದೆ. ಹೇಗೆ ಎನ್ನುವುದು ಬಹಳ ಕಾಲ ಊಹೆಯೇ ಆಗಿತ್ತು. 2024ರಲ್ಲಿ ಡೆನ್ಮಾರ್ಕಿನ ಕೋಯೆನ್ ಎಲೆಮಾನ್ಸ್ ಮತ್ತು ಸಂಗಡಿಗರು ದಡಕ್ಕೆ ಬಿದ್ದು ಸತ್ತ ತಿಮಿಂಗಿಲಗಳ ಗಂಟಲನ್ನು ಪ್ರಯೋಗಾಲಯಕ್ಕೆ ತಂದು ಗಾಳಿ ಊದಿ ನೋಡಿದರು. ಯು ಆಕಾರದ ಒಂದು ಮಡಿಕೆ ಕೊಬ್ಬಿನ ಮೆತ್ತೆಗೆ ಒತ್ತಿಕೊಂಡು ಕಂಪಿಸುತ್ತದೆ ಎಂದು ತೋರಿಸಿದರು. ಹಕ್ಕಿಗಳ ಮತ್ತು ಸಸ್ತನಿಗಳ ವಂಶ ಬೇರೆಯಾಗಿ ಮೂವತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಇಬ್ಬರೂ ಹಾಡು ಕಲಿಯುವುದನ್ನು ಪ್ರತ್ಯೇಕವಾಗಿ, ತಮ್ಮ ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಗಿಳಿ, ಬಾವಲಿ, ಸೀಲ್, ಮನುಷ್ಯ ಕೂಡ ಹಾಗೆಯೇ. ನಮ್ಮ ಹತ್ತಿರದ ನೆಂಟ ಚಿಂಪಾಂಜಿಗೆ ಈ ವಿದ್ಯೆ ಅಷ್ಟಾಗಿ ಒಲಿದಿಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ.

ಈಗ ಮುಖ್ಯ ಸಂಗತಿ. 1950ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವಿಲಿಯಂ ಥಾರ್ಪ್ ಅವರು ಚಾಫಿಂಚ್ ಎಂಬ ಪುಟ್ಟ ಹಾಡುಹಕ್ಕಿಯ ಮರಿಗಳನ್ನು ದೊಡ್ಡವುಗಳ ಹಾಡು ಕೇಳದಂತೆ ಸಾಕಿದರು. ಬೆಳೆದ ಮೇಲೆ ಅವು ಹಾಡಿದವು, ಆದರೆ ಮೊಟಕಾದ, ಸಪ್ಪೆ ಹಾಡು. ಚಿಕ್ಕಂದಿನಲ್ಲಿ ಕೇಳಬೇಕು, ತಾನೇ ತೊದಲಿ ತಿದ್ದಿಕೊಳ್ಳಬೇಕು, ಒಂದು ಹಂತದಲ್ಲಿ ಗಟ್ಟಿಯಾಗುತ್ತದೆ. ಚಾಫಿಂಚ್‌ನಂಥ ಹಕ್ಕಿಗಳಲ್ಲಿ ಆಮೇಲೆ ಬದಲಾವಣೆ ಇಲ್ಲವೆಂದೇ ಹೇಳಬೇಕು.

ತಿಮಿಂಗಿಲದ ಕಥೆ ಇದಕ್ಕೆ ತದ್ವಿರುದ್ಧ. ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ 1971ರಲ್ಲಿ ಈ ಹಾಡಿನ ಕಟ್ಟಡವನ್ನು ಬಿಡಿಸಿ ತೋರಿಸಿದರು: ಬಿಡಿ ಸದ್ದುಗಳು ಸೇರಿ ನುಡಿ, ನುಡಿ ಮರುಕಳಿಸಿ ಒಂದು ಭಾಗ, ಭಾಗಗಳು ನಿಗದಿಯಾದ ಸರದಿಯಲ್ಲಿ ಬಂದು ಒಂದು ಹಾಡು. ಒಂದು ಕಡಲಿನ ಗಂಡುಗಳೆಲ್ಲ ಆ ವರ್ಷ ಹೆಚ್ಚುಕಡಿಮೆ ಒಂದೇ ಹಾಡು ಹಾಡುತ್ತವೆ, ಎಲ್ಲವೂ ಸೇರಿ ಅದನ್ನು ನಿಧಾನವಾಗಿ ಬದಲಿಸುತ್ತವೆ. ಒಮ್ಮೊಮ್ಮೆ ನಿಧಾನವೂ ಇಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಒಂದೆರಡು ಗಂಡುಗಳು ಪಶ್ಚಿಮ ಕರಾವಳಿಯ ಹಾಡನ್ನು ಹಾಡುತ್ತಿದ್ದವು. 1998ರ ಹೊತ್ತಿಗೆ ಪೂರ್ವದವರೆಲ್ಲ ತಮ್ಮ ಹಾಡು ಬಿಟ್ಟು ಅದನ್ನೇ ಹಿಡಿದಿದ್ದರು. ಬಲಿತ ಗಂಡುಗಳೂ ಸೇರಿ. ಇಂಥ ಹಾಡುಗಳು ಪೂರ್ವ ಆಸ್ಟ್ರೇಲಿಯಾದಿಂದ ಫ್ರೆಂಚ್ ಪಾಲಿನೇಷ್ಯಾದವರೆಗೆ ದ್ವೀಪದಿಂದ ದ್ವೀಪಕ್ಕೆ ಪೂರ್ವಾಭಿಮುಖವಾಗಿ ಹರಡುವುದನ್ನು ಎಲೆನ್ ಗಾರ್ಲೆಂಡ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು.

ಹಕ್ಕಿಗಳಲ್ಲಿ ಹೀಗೆ ಆಗುವುದೇ ಇಲ್ಲ ಎನ್ನಬೇಡಿ. ಕೆನಡಾದಲ್ಲಿ ಬಿಳಿಗೊರಳಿನ ಗುಬ್ಬಿಯೊಂದಿದೆ. ಅದರ ಹಾಡಿನ ಕೊನೆ ಮೂರು ಮೂರು ಸ್ವರಗಳ ಕಟ್ಟು. ಪಶ್ಚಿಮ ತುದಿಯಲ್ಲಿ ಅದು ಎರಡೆರಡಾಯಿತು, 2000ದಿಂದ 2019ರ ನಡುವೆ ಆ ಹೊಸ ಕೊನೆ ದೇಶದ ಅರ್ಧ ಭಾಗ ದಾಟಿ ಒಂಟಾರಿಯೊದವರೆಗೆ ಬಂತು. ಆದರೆ ಅಲ್ಲಿ ಬದಲಾದದ್ದು ಒಂದು ತುದಿ, ಹಿಡಿದದ್ದು ಎರಡು ದಶಕ. ತಿಮಿಂಗಿಲ ಇಡೀ ಹಾಡನ್ನೇ ಎರಡು ವರ್ಷದಲ್ಲಿ ಎಸೆದುಬಿಡುತ್ತದೆ.

ಆದ್ದರಿಂದ ನಿಮ್ಮ ಹದಿನಾರು ಪಟ್ಟು ವೇಗ ಕಿವಿಗೆ ಮೋಜು, ಪ್ರಾಜೆಕ್ಟಿಗೆ ಮುಖಪುಟ. ಒಳಗಿನ ಪುಟಗಳಲ್ಲಿ ಯಾರಿಂದ ಕಲಿಯುತ್ತದೆ, ಎಷ್ಟು ವಯಸ್ಸಿನವರೆಗೆ ಕಲಿಯುತ್ತದೆ, ಕಲಿತದ್ದನ್ನು ಬಿಡುತ್ತದೆಯೇ ಎಂದು ಬರೆಸಿ.

ಉತ್ತರ: ತಂಬೂರಿ ತಂತಿ, ಗದಗ

ನಾನು ಹಾಡು ಕಲಿಯುವವಳು, ಪ್ರಾಣಿಶಾಸ್ತ್ರ ಗೊತ್ತಿಲ್ಲ. ಹದಿನಾರು ಪಟ್ಟು ಎಂದರೆ ನಾಲ್ಕು ಸಪ್ತಕ ಮೇಲೆ. ನಾಲ್ಕು ಸಪ್ತಕ ಏರಿಸಿದರೆ ನಮ್ಮ ಗುರುಗಳೂ ಸೊಳ್ಳೆಯಾಗುತ್ತಾರೆ, ಆದ್ದರಿಂದ ಆ ಭಾಗ ನನ್ನನ್ನು ಅಷ್ಟಾಗಿ ತಟ್ಟಲಿಲ್ಲ.

ಕಲಿಕೆಯ ಮಾತು ತಟ್ಟಿತು. ರಾಣೆಬೆನ್ನೂರಿನವರು ಹೇಳಿದ್ದನ್ನು ಓದಿದ ಕೂಡಲೇ ಹಿಂದೂಸ್ತಾನಿ ಸಂಗೀತದ ಘರಾಣೆ, ಅಂದರೆ ಗುರುಪರಂಪರೆ, ನೆನಪಾಯಿತು, ಇಲ್ಲಿ ಯಾರಿಗೆ ತಾನೇ ಆಗುವುದಿಲ್ಲ? ಮರಿಯಾಗಿದ್ದಾಗ ಕಿವಿಗೆ ಬಿದ್ದದ್ದನ್ನು ಕೊನೆಯವರೆಗೂ ಹಾಡುವ ಚಾಫಿಂಚ್ ಒಂದೇ ಘರಾಣೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುವವನು. ಆದರೆ ಮಲ್ಲಿಕಾರ್ಜುನ ಮನಸೂರರು ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನ ಕಲಿತು ಹೆಸರು ಮಾಡಿದ ಮೇಲೆ ಜೈಪುರ ಘರಾಣೆಯ ಮಂಜಿ ಖಾನರ ಮುಂದೆ ಶಿಷ್ಯನಾಗಿ ಕುಳಿತರು, ಅವರ ನಂತರ ಬುರ್ಜಿ ಖಾನರ ಮುಂದೆ. ಬಲಿತ ಮೇಲೂ ಕಲಿಯುವುದು ಎಂದರೆ ಅದು. ಆ ಲೆಕ್ಕದಲ್ಲಿ ತಿಮಿಂಗಿಲ ನಮಗೆ ಹತ್ತಿರ. ಆದರೆ ಮನಸೂರರು ಹಳೆಯದನ್ನು ಎಸೆಯಲಿಲ್ಲ, ಹೊಸದರ ಕೆಳಗೆ ಅದು ಉಳಿದೇ ಇತ್ತು. ಮತ್ತು ಧಾರವಾಡದ ಗಾಯಕರೆಲ್ಲ ಅವರ ಹಿಂದೆ ಜೈಪುರಕ್ಕೆ ಬರಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿಯವರೂ ಭೀಮಸೇನ ಜೋಶಿಯವರೂ ಕಿರಾಣಾ ಘರಾಣೆಯವರಾಗಿಯೇ ಇದ್ದರು. ಒಂದೇ ಜಿಲ್ಲೆಯಲ್ಲಿ ಎರಡು ಹಾಡು ಅಕ್ಕಪಕ್ಕದಲ್ಲಿ ಬಾಳಿದವು. ಇಡೀ ಕಡಲಿಗೆ ಒಂದೇ ಹಾಡು ಎಂಬ ತಿಮಿಂಗಿಲದ ವ್ಯವಸ್ಥೆ ನನಗಂತೂ ಉಸಿರು ಕಟ್ಟಿಸುತ್ತದೆ.

ಉಸಿರು ಎಂದಾಗ ನೆನಪಾಯಿತು. ನೀರೊಳಗೆ ಇಪ್ಪತ್ತು ನಿಮಿಷ ಹಾಡುವುದು ಹೇಗೆ? ದಮ್ಮು ಎಲ್ಲಿಂದ ಬರುತ್ತದೆ?

ಉತ್ತರ: ಕಡಲಜೀವಶಾಸ್ತ್ರ ಓದಿದವಳು, ಸದ್ಯ ಧಾರವಾಡ

ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದು ಕಾರವಾರದಲ್ಲಿ, ಅಲ್ಲಿ ಓದಿದ್ದೇನೆ. ಗದಗದವರ ಪ್ರಶ್ನೆಗೆ ಮೊದಲು: ತಿಮಿಂಗಿಲ ಹಾಡುವಾಗ ಗಾಳಿಯನ್ನು ಹೊರಗೆ ಬಿಡುವುದೇ ಇಲ್ಲ. ಶ್ವಾಸಕೋಶದಿಂದ ಹೊರಟ ಗಾಳಿ ಕಂಪಿಸುವ ಮಡಿಕೆಯನ್ನು ದಾಟಿ ಗಂಟಲಿನ ಚೀಲಕ್ಕೆ ಹೋಗಿ ಮತ್ತೆ ಶ್ವಾಸಕೋಶಕ್ಕೆ ಮರಳುತ್ತದೆ. ಒಂದೇ ಉಸಿರು ಒಳಗೊಳಗೇ ಓಡಾಡುತ್ತದೆ, ನೀರಿಗೆ ಗುಳ್ಳೆ ಬಿಡುವ ಅಗತ್ಯವಿಲ್ಲ. ಹಕ್ಕಿಯದು ನೇರ ವಿರುದ್ಧ: ಕ್ಯಾನರಿಯಂಥ ಹಕ್ಕಿಗಳು ಸ್ವರ ಸ್ವರದ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಉಸಿರನ್ನು ಎಳೆದುಕೊಳ್ಳುತ್ತವೆ, ಸೆಕೆಂಡಿಗೆ ಹಲವು ಬಾರಿ. ಕೇಳುವವರಿಗೆ ಎಲ್ಲೂ ಉಸಿರು ಕೇಳಿಸುವುದಿಲ್ಲ.

ಡೆಸಿಬೆಲ್ ಬಗ್ಗೆ ಮೈಕ್‌ಸೆಟ್ ಮಾಲೀಕರ ಗಂಟಲು ಸರಿಯಾಗಿಯೇ ಇದೆ. ಡೆಸಿಬೆಲ್ ಒಂದು ಅನುಪಾತ, ಯಾವುದಕ್ಕೆ ಹೋಲಿಸಿ ಎಂದು ಹೇಳದಿದ್ದರೆ ಅರ್ಥವಿಲ್ಲ. ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್ ಒತ್ತಡವನ್ನು ಸೊನ್ನೆ ಡೆಸಿಬೆಲ್ ಎನ್ನುತ್ತಾರೆ, ನೀರಿನಲ್ಲಿ 1 ಮೈಕ್ರೋಪಾಸ್ಕಲ್ ಒತ್ತಡವನ್ನು. ಇದೇ 26 ಡೆಸಿಬೆಲ್ ವ್ಯತ್ಯಾಸ. ನೀರು ಗಾಳಿಗಿಂತ ದಟ್ಟ, ಶಬ್ದವೂ ಅದರಲ್ಲಿ ವೇಗವಾಗಿ ಓಡುತ್ತದೆ, ಹಾಗಾಗಿ ಅದೇ ಒತ್ತಡಕ್ಕೆ ಹರಿಯುವ ಶಕ್ತಿ ಬಹಳ ಕಡಿಮೆ. ಅದು ಇನ್ನೊಂದು 36. ಒಟ್ಟು 62 ಕಳೆಯಬೇಕು. ಗೂನುಬೆನ್ನಿನ ತಿಮಿಂಗಿಲದ ಹಾಡನ್ನು ಒಂದು ಮೀಟರ್ ದೂರದ ಲೆಕ್ಕದಲ್ಲಿ 170ರ ಆಸುಪಾಸು ಎಂದಿಟ್ಟುಕೊಂಡರೆ ಗಾಳಿಯ ಭಾಷೆಯಲ್ಲಿ 108. ಒಂದು ವ್ಯಾಟ್ ಕೊಟ್ಟ ನಿಮ್ಮ ಹಾರ್ನ್ ಒಂದು ಮೀಟರಿನಲ್ಲಿ ಎಷ್ಟು ಕೊಡುತ್ತದೆ, ನೀವೇ ಹೇಳಿ. ಜೋರಿನಲ್ಲಿ ಅಲ್ಲ ತಿಮಿಂಗಿಲದ ಹೆಚ್ಚುಗಾರಿಕೆ, ಅದು ಹಾಡುವ ಮಾಧ್ಯಮದಲ್ಲಿ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಕಡಲಿನಲ್ಲಿ 1500. ತಗ್ಗು ಸ್ವರಗಳನ್ನು ನೀರು ಬಹಳ ಕಡಿಮೆ ನುಂಗುತ್ತದೆ. ಮಡಿವಾಳದ ಹಾಡು ಎರಡು ಓಣಿ ದಾಟುವಷ್ಟರಲ್ಲಿ ಸೋಲುತ್ತದೆ, ಇದು ಹತ್ತಾರು ಕಿಲೋಮೀಟರ್ ಹೋಗುತ್ತದೆ.

ಮಗಳು ಒಂದು ವಾಕ್ಯವನ್ನು ಖಂಡಿತ ಸೇರಿಸಲಿ: ಈ ತಿಮಿಂಗಿಲ ನಮ್ಮ ಕಡಲಿನಲ್ಲೂ ಇದೆ. ಬೇರೆಡೆಯ ಗೂನುಬೆನ್ನಿನ ತಿಮಿಂಗಿಲಗಳು ಧ್ರುವದ ಬಳಿ ಉಂಡು ಉಷ್ಣವಲಯಕ್ಕೆ ಬಂದು ಮರಿ ಹಾಕುತ್ತವೆ. ಅರಬ್ಬೀ ಸಮುದ್ರದವು ವಲಸೆ ಹೋಗುವುದಿಲ್ಲ. ನಮಗೆ ಮಳೆ ತರುವ ಅದೇ ನೈಋತ್ಯ ಮುಂಗಾರು ಒಮಾನ್ ಕರಾವಳಿಯಲ್ಲಿ ತಳದ ತಂಪು ನೀರನ್ನು ಮೇಲೆಬ್ಬಿಸಿ ಅಲ್ಲೇ ಊಟ ಹಾಕುತ್ತದೆ. ವಂಶವಾಹಿಗಳ ಅಧ್ಯಯನದ ಪ್ರಕಾರ ಅವು ಸುಮಾರು 70,000 ವರ್ಷಗಳಿಂದ ಉಳಿದವರಿಂದ ಬೇರೆ. ಒಮಾನ್ ಬಳಿ ಎಣಿಸಿದಾಗ ನೂರಕ್ಕೂ ಕಡಿಮೆ ಎಂಬ ಅಂದಾಜು ಬಂತು. 1960ರ ದಶಕದ ಮಧ್ಯದಲ್ಲಿ ಸೋವಿಯತ್ ಹಡಗುಗಳು ಈ ಕಡಲಿನಲ್ಲಿ ಕಾನೂನು ಮೀರಿ ಇನ್ನೂರಕ್ಕೂ ಹೆಚ್ಚನ್ನು ಕೊಂದವು, ಆ ಪೆಟ್ಟು ಇನ್ನೂ ಮಾಸಿಲ್ಲ. ಗೋವಾದ ಬಳಿಯೂ ಕೇರಳದ ಕೊಲ್ಲಂ ಬಳಿಯೂ ನೀರಿಗಿಳಿಸಿದ ಮೈಕುಗಳಲ್ಲಿ ಇವುಗಳ ಹಾಡು ಸಿಕ್ಕಿದೆ. 2017ರಲ್ಲಿ ಒಮಾನಿನಲ್ಲಿ ಉಪಗ್ರಹ ಪಟ್ಟಿ ಅಂಟಿಸಿದ ಲುಬಾನ್ ಎಂಬ ತಿಮಿಂಗಿಲ ಅರಬ್ಬೀ ಸಮುದ್ರ ದಾಟಿ ಗೋವಾದ ಕಡೆ ಬಂದು, ಕರಾವಳಿಗುಂಟ ದಕ್ಷಿಣಕ್ಕೆ ಕನ್ಯಾಕುಮಾರಿಯತ್ತ ಈಜಿತು. ಅಂದರೆ ಕಾರವಾರ, ಹೊನ್ನಾವರಗಳ ಮುಂದೆಯೇ ಹಾದುಹೋಯಿತು. ಹುಬ್ಬಳ್ಳಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಅರ್ಧ ದಿನ. ಆದರೆ ಲುಬಾನ್ ಹೆಣ್ಣು, ಹಾಡುವುದು ಗಂಡುಗಳು ಮಾತ್ರ.

ಇಲ್ಲೂ ಒಂದು ವ್ಯತ್ಯಾಸ. "ಹಕ್ಕಿಗಳಲ್ಲಿಯೂ ಗಂಡೇ ಹಾಡುತ್ತದೆ" ಎಂದು ಮಗಳು ಬರೆಯದಿರಲಿ. ಹೆಣ್ಣು ಮಡಿವಾಳವೂ ಗಂಡು ಹತ್ತಿರವಿದ್ದಾಗ ಚುಟುಕಾಗಿ ಹಾಡುತ್ತದೆ. ಹಾಡುಹಕ್ಕಿಗಳ ಪೂರ್ವಜರಲ್ಲಿ ಹೆಣ್ಣು ಗಂಡು ಎರಡೂ ಹಾಡುತ್ತಿದ್ದವು ಎಂದು 2014ರ ಒಂದು ಅಧ್ಯಯನ ತೋರಿಸಿದೆ.

ಪ್ರತಿಕ್ರಿಯೆ: ಮೈಕ್‌ಸೆಟ್ ಮಾಲೀಕ, ಹಳೇ ಹುಬ್ಬಳ್ಳಿ

ಎಲ್ಲರಿಗೂ ಶರಣು. ನನ್ನ ಹಾರ್ನ್ ಒಂದು ವ್ಯಾಟಿಗೆ 107 ಎಂದು ಡಬ್ಬಿಯ ಮೇಲೆ ಬರೆದಿದ್ದಾರೆ. ತಿಮಿಂಗಿಲಕ್ಕೂ ನನಗೂ ಒಂದು ಡೆಸಿಬೆಲ್ ಅಂತರ. ಇದನ್ನು ಅಂಗಡಿಯ ಫಲಕದಲ್ಲಿ ಹಾಕಿಸಬೇಕೆಂದಿದ್ದೇನೆ.

ನಿನ್ನೆ ರಾತ್ರಿ ಉಲ್ಟಾ ಪ್ರಯೋಗ ಮಾಡಿದೆವು. ಬೆಟ್ಟದ ಮಡಿವಾಳವನ್ನು ಹದಿನಾರು ಪಟ್ಟು ನಿಧಾನ ಮಾಡಿದೆವು. ಸ್ವರ ತಿಮಿಂಗಿಲದ ಮನೆಗೇ ಬಂದು ಕೂತಿತು, ಗೊಣಗು, ಏರು, ಜಾರು ಎಲ್ಲ ಸರಿ. ಆದರೆ ಮೂರು ಸೆಕೆಂಡಿನ ಒಂದು ನುಡಿ ಮುಗಿದ ಮೇಲೆ ಮೌನ ಬಂತು, ಬಂತು, ಬರುತ್ತಲೇ ಇತ್ತು. ಹಕ್ಕಿ ಐದು ಸೆಕೆಂಡು ನಿಂತದ್ದು ಇಲ್ಲಿ ಒಂದೂಕಾಲು ನಿಮಿಷಕ್ಕೂ ಹೆಚ್ಚು. ತಿಮಿಂಗಿಲ ಹಾಗೆ ನಿಲ್ಲುವುದಿಲ್ಲ, ಒಂದು ಭಾಗದಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ. ಮಗಳು ತಾನೇ ಹೇಳಿದಳು: ಹಕ್ಕಿ ಹಾಡಿ, ಪಕ್ಕದ ಗಂಡು ಉತ್ತರ ಕೊಡುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿದೆ. ಬೆಟ್ಟದಲ್ಲಿ ನಿಂತು ಕೇಳಿದರೆ ಹೌದು, ಆಚೆಯ ಗಲ್ಲಿಯಿಂದ ಇನ್ನೊಂದು ಹಾಡುತ್ತದೆ. ಈ ಬಿಡುವನ್ನು ನಾನು ಮೊದಲ ಕಡತದಲ್ಲಿ ಕತ್ತರಿಸಿ ಅಂಟಿಸಿದ್ದೆ. ಮದುವೆಯ ರೆಕಾರ್ಡಿಂಗ್ ಮಾಡುವವರ ಕೈಗೆ ಖಾಲಿ ಜಾಗ ಸಹಿಸುವುದಿಲ್ಲ.

ಘರಾಣೆಯ ಮಾತು ಓದಿದ ಮೇಲೆ ಅವಳಿಗೆ ಹೊಸ ಹುಚ್ಚು ಹಿಡಿದಿದೆ. ಹುಬ್ಬಳ್ಳಿ, ಗದಗ, ರಾಣೆಬೆನ್ನೂರುಗಳ ಮಡಿವಾಳಗಳು ಒಂದೇ ನುಡಿಗಳನ್ನು ಹಾಡುತ್ತವೆಯೇ ಎಂದು ನೋಡಬೇಕಂತೆ. ಈ ವಾರ ಬೆಳಗಿನ ಜಾವ ಯಾರಾದರೂ ಹತ್ತು ನಿಮಿಷ ಹಿಡಿದು ಕಳಿಸಬಹುದೇ?

ಉತ್ತರ: ತಂಬೂರಿ ತಂತಿ, ಗದಗ

ನಮ್ಮ ಹಿತ್ತಲಿನ ನುಗ್ಗೆಮರದಲ್ಲಿ ಒಂದು ಇದೆ, ನನ್ನ ಬೆಳಗಿನ ಖರ್ಜಕ್ಕೆ, ಅಂದರೆ ತಗ್ಗು ಸ್ವರದ ಸಾಧನೆಗೆ, ಪ್ರತಿದಿನ ಅಡ್ಡಿ ಮಾಡುತ್ತದೆ. ಮೊಬೈಲಿನಲ್ಲಿ ಹಿಡಿದರೆ ನಡೆಯುತ್ತದೆಯೇ?

ಉತ್ತರ: ನಿವೃತ್ತ ಪ್ರಾಣಿಶಾಸ್ತ್ರ, ರಾಣೆಬೆನ್ನೂರು

ನನ್ನದೂ ಒಂದು. ಆದರೆ ಒಂದು ಊರಿನಿಂದ ಒಂದೇ ಹಕ್ಕಿಯನ್ನು ಇಟ್ಟುಕೊಂಡು ಊರಿನ ಬಗ್ಗೆ ಮಾತನಾಡಬೇಡಿ ಎಂದು ಮಗಳಿಗೆ ಹೇಳಿ. ಪ್ರತಿ ಊರಿನಿಂದ ಮೂರು ನಾಲ್ಕು ಗಂಡುಗಳಾದರೂ ಬೇಕು, ಒಂದಕ್ಕೊಂದು ಕೇಳಿಸದಷ್ಟು ದೂರದವು. ಮಡಿವಾಳ ಬೇರೆ ಹಕ್ಕಿಗಳನ್ನೂ ಅನುಕರಿಸುತ್ತದೆ, ಆದ್ದರಿಂದ ಹಿನ್ನೆಲೆಯಲ್ಲಿ ಬೇರೆ ಯಾರು ಕೂಗುತ್ತಿದ್ದರು ಎಂಬುದನ್ನೂ ಬರೆದಿಡಿ.

ಪ್ರತಿಕ್ರಿಯೆ: ಮೈಕ್‌ಸೆಟ್ ಮಾಲೀಕ, ಹಳೇ ಹುಬ್ಬಳ್ಳಿ

ಮೊಬೈಲ್ ನಡೆಯುತ್ತದೆ, ಆದರೆ ಮೂರು ಶರತ್ತು. ಗದ್ದಲ ಕಡಿಮೆ ಮಾಡುವ ಆಯ್ಕೆಯನ್ನು ಆಫ್ ಮಾಡಿಬಿಡಿ, ಅದು ಹಕ್ಕಿಯನ್ನೇ ಗದ್ದಲವೆಂದು ತಿಳಿದು ಅಳಿಸುತ್ತದೆ. ವೇವ್ ಕಡತದಲ್ಲಿ ಉಳಿಸಿ, ಎಂಪಿ3 ಬೇಡ. ವಾಟ್ಸ್‌ಆ್ಯಪ್‌ನ ಧ್ವನಿಸಂದೇಶವಾಗಿ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡುತ್ತದೆ, ಡ್ರೈವ್‌ಗೆ ಹಾಕಿ ಕೊಂಡಿ ಕೊಡಿ. ಮತ್ತು ಗದಗದವರೇ, ಹಿಡಿಯುವ ಹತ್ತು ನಿಮಿಷ ತಂಬೂರಿ ಕೆಳಗಿಡಿ.